ಕಂಪ್ಯೂಟರಿನ ದೂರು ಕೇಳಿದ ಅತ್ತೆ

ನಮ್ಮ ಸೋದರತ್ತೆಯ ಜೊತೆ ಯಾರೂ ಬಸ್ಸಿಗೆ ಹೊರಡಬಾರದು. ಹೊರಟರೆ ಊರು ಸೇರುವುದಿಲ್ಲ! ಒಮ್ಮೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಧರ್ಮಪುರದ ಹೆಂಗಸೊಬ್ಬಳು ತನ್ನ ನಾದಿನಿಯ ಮೇಲೆ ದೂರು ಶುರುಮಾಡಿದಳು. ನಮ್ಮ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು. ನಾನು ಸೆರಗು ಜಗ್ಗಿದರೆ, "ತಡಿಯೋ, ನಾದಿನಿ ಈಗ ತಾನೆ ಬಾಗ್ಲು ಹಾಕ್ಕಂಡವ್ಳೆ, ತೆಗೀಲಿ!" ಎಂದರು. ಯಾರೇ ಗೋಳು ಹೇಳಲಿ, ಕೊನೆಯ ಮಾತಿನ ತನಕ ಕೇಳದೆ ಏಳುವವರಲ್ಲ.

ಇಂಥವರ ಮನೆಗೆ ನಾನು ಕಂಪ್ಯೂಟರು ಹೊತ್ತು ತಂದೆ. ಎರಡು ಸಾವಿರದ ಇಸವಿಯ ಆಸುಪಾಸು. ಹೊಸದುರ್ಗದ ಶಾಮಿಯಾನ ಅಂಗಡಿಯ ಸಾಹುಕಾರರಿಗೆ ತಮ್ಮ ಹಂಡೆ, ಕೊಳಗ, ಜಮಖಾನ ಯಾವ ಮದುವೆಗೆ ಹೋಗಿವೆಯೆಂದು ಕಂಪ್ಯೂಟರೇ ಹೇಳಬೇಕೆಂಬ ಆಸೆ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಪುಕ್ಕಟೆ ಸಿಕ್ಕಿತ್ತು. ಅದರ ಮೇಲೆ ಕೂರಿಸಬೇಕಾದ, ಲೆಕ್ಕವಿಡುವ ಡೇಟಾಬೇಸನ್ನು ಕಂಪನಿಯೊಂದು ಎರಡು ಸಿ.ಡಿ.ಗಳಲ್ಲಿ ಕಳಿಸಿತ್ತು. ಗುರುವಾರದೊಳಗೆ ಅದು ನಡೆದರೆ ನನಗೆ ಕೆಲಸ. ಅದಕ್ಕೆ ಮುಂಚೆ ಎಲ್ಲೂ ಸಿಕ್ಕಿರಲಿಲ್ಲ. ನನಗೆ ತೊದಲು; ಸಂದರ್ಶನಗಳಲ್ಲಿ ನನ್ನ ಹೆಸರನ್ನು ಕೂಡ ಎದುರಿನವರೇ ಅರ್ಜಿ ನೋಡಿ ಪೂರ್ತಿ ಮಾಡುತ್ತಿದ್ದರು.

ಸಿ.ಡಿ. ಹಾಕಿದೆ. ಲಿನಕ್ಸಿನ ಯಾವುದೋ ಹಳೆಯ ಕಡತ ಬೇಕು ಎಂದಿತು. ಹೊಸದು ಇದೆಯಲ್ಲ ಮಹಾರಾಯ? ಊಹೂಂ, ಹಳೆಯದೇ ಬೇಕಂತೆ! ಎಲ್ಲಿಂದಲೋ ತಂದು ಹಾಕಿದರೆ ಹೊಸದು ಮಾಯವಾಗಿ ಪರದೆಯೇ ಕಪ್ಪಾಯಿತು. ಅತ್ತೆ ಇಣುಕಿ ನೋಡಿ, "ಅತ್ತೆ ಒಳಗೆ ಬಂದ್ಲು ಅಂತ ಸೊಸೆ ಗಂಟುಮೂಟೆ ಕಟ್ಟಿದ್ಲೇನೋ?" ಎಂದರು. ಎಲ್ಲ ಅಳಿಸಿ ಮೊದಲಿಂದ ಶುರು.

ಕಂಪನಿಯನ್ನೇ ಕೇಳೋಣವೆಂದು ಎಸ್‌ಟಿಡಿ ಬೂತಿಗೆ ಹೋದೆವು. ನನ್ನ ತೊದಲು ಫೋನಿನಲ್ಲಿ ಇನ್ನೂ ಜಾಸ್ತಿ, ಅದಕ್ಕೆ ಅತ್ತೆ ರಿಸೀವರ್ ಹಿಡಿದರು. 'ದಯವಿಟ್ಟು ಕಾಯಿರಿ' ಎಂಬ ರೆಕಾರ್ಡು ತಿರುಗಿ ತಿರುಗಿ ಬಂತು. ಇಟ್ಟುಬಿಡಿ ಎಂದು ಸನ್ನೆ ಮಾಡಿದೆ. "ಹೆಣ್ಮಗಳು ಅಷ್ಟು ಬೇಡ್ಕಂತವ್ಳೆ, ಮಧ್ಯದಾಗೆ ಇಡಾದೇನು?" ಬೂತಿನವನಿಗೆ ಅವತ್ತು ಹಬ್ಬ! ಕೊನೆಗೆ ಬಂದ ಗಂಡಸು, ನಿಮ್ಮ ಲಿನಕ್ಸಿಗೂ ನಮಗೂ ಸಂಬಂಧವಿಲ್ಲ ಎಂದು ಇಟ್ಟುಬಿಟ್ಟ.

ಬುಧವಾರ ಸಂಜೆ ಪರದೆಯ ಮೇಲೆ ಮತ್ತೆ ಅದೇ ದೂರು. ಮುಚ್ಚಲು ಹೋದವನ ಕೈಯನ್ನು ಅತ್ತೆ ಹಿಡಿದರು.

"ಲೇ, ದಿನಾ ಅದು ಬಾಯಿ ತೆಗೀತೈತೆ, ನೀನು ಮುಚ್ಚಿಸ್ತೀಯ. ಏನ್ ಹೇಳ್ತೈತೋ ಓದು, ಜೋರಾಗಿ."

"ಮಾರುದ್ದ ಐತೆ, ಅತ್ತೆ."

"ನನಗೇನ್ ಬಸ್ ಐತಾ?"

ಅವರು ಅವರೆಕಾಯಿ ಸುಲಿಯುತ್ತ ಕೂತರು. ನಾನು ಒಂದೊಂದು ಸಾಲನ್ನೂ ಕನ್ನಡ ಮಾಡಿ, ಎಡವುತ್ತ ಓದಿದೆ. ಅವರು ಒಂದೇ ಒಂದು ಪದವನ್ನೂ ನನ್ನ ಬಾಯಿಗೆ ತುರುಕಲಿಲ್ಲ. ಅಂತೂ ಕೊನೆಯ ಸಾಲು ಬಂತು: ಬೇಕಾದ ಹಳೆಯ ಕಡತ ಎರಡನೇ ಸಿ.ಡಿ.ಯಲ್ಲಿದೆ, ಹೊಸದನ್ನು ಅದು ಮುಟ್ಟುವುದಿಲ್ಲ! ಅಷ್ಟು ದಿನವೂ ನಾನು ಮೊದಲ ಸಾಲಿಗೇ ಸಿಟ್ಟಾಗುತ್ತಿದ್ದೆ. ಎರಡನೇ ಸಿ.ಡಿ. ಹಾಕಿದೆ; ಡೇಟಾಬೇಸು ಕೂತಿತು, ರಾತ್ರಿಯೇ ಸಾಹುಕಾರರ ಲೆಕ್ಕವನ್ನೆಲ್ಲ ತುಂಬಿದೆ.

ಗುರುವಾರ ಅತ್ತೆಯ ಜೊತೆ ಕಂಪ್ಯೂಟರನ್ನು ಅಂಗಡಿಗೆ ಒಯ್ದೆ. ಸಾಹುಕಾರರು ಪರೀಕ್ಷೆಗೆ ನಿಂತರು. "ಏನಪ್ಪ, ನಮ್ ದೊಡ್ಡ ಹಂಡೆ ಎಲ್ಲೈತೆ?"

ಉತ್ತರ ಪರದೆಯ ಮೇಲಿತ್ತು. "ತು... ತು..." ಎಂದೆ.

"ತುಮಕೂರಾ?"

"ತಡೀರಿ ಸಾಹುಕಾರ್ರೆ," ಎಂದರು ಅತ್ತೆ, "ಅವ್ನು ಹೇಳ್ತಾನೆ."

ಸಾಹುಕಾರರು ಕುರ್ಚಿ ಎಳೆದುಕೊಂಡು ಕೂತರು. "ತು... ತುರುವನೂರಲ್ಲೈತೆ" ಎಂದು ಪೂರ್ತಿ ಹೇಳಿದೆ. ಹೊರಗಿನವರೊಬ್ಬರು ನನ್ನ ಮಾತು ಮುಗಿಯುವ ತನಕ ಕಾದದ್ದು ಅದೇ ಮೊದಲು. "ನಾಳೆಯಿಂದ ಕೆಲ್ಸಕ್ಕೆ ಬಾರಪ್ಪ" ಎಂದರು.

ನಾನು ಹೊರಟು ನಿಂತರೂ ಅತ್ತೆ ಏಳಲಿಲ್ಲ. "ಇನ್ನೇನಾದ್ರೂ ಹೇಳಾದೈತೇನೋ?" ಎಂದು ನನ್ನ ಮುಖ ನೋಡಿದರು.

ಇಲ್ಲ ಎಂದು ತಲೆಯಾಡಿಸಿದೆ. ಇತ್ತು, ಅತ್ತೆ. ನೀವು ಕಾಯದಿದ್ದರೆ ನಾನು ಮಾತಾಡುವುದನ್ನೇ ಬಿಟ್ಟುಬಿಡುತ್ತಿದ್ದೆ.