ಧಾರೆಮಂಟಪದಲ್ಲಿ ಕಪ್ಪುಕುಳಿ

"ನೋಡೇ, ಇದರೊಳಗೆ ಕಪ್ಪುಕುಳಿ ಇದೆ!" ಎಂದು ನಮ್ಮ ಯಜಮಾನರು ಪುಟ್ಟ ಹಿತ್ತಾಳೆ ಡಬ್ಬಿಯೊಂದನ್ನು ಅಡುಗೆಕಟ್ಟೆಯ ಮೇಲಿಟ್ಟರು. ಮಗಳ ಮದುವೆಗೆ ಇನ್ನೊಂದು ವಾರ. ಬೇರೆ ಅಪ್ಪಂದಿರು ಛತ್ರಕ್ಕೆ ಓಡಾಡುತ್ತಾರೆ. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರಾದ ಇವರು ಆಕಾಶದಲ್ಲಿರಬೇಕಾದದ್ದನ್ನು ಡಬ್ಬಿಗೆ ತುಂಬಿದ್ದರು!

ಕಾರಣ ಇಲ್ಲದಿರಲಿಲ್ಲ. ಗಂಡಿನ ಸೋದರತ್ತೆ ಅಲಮೇಲಮ್ಮನಿಗೆ ಹೊಗೆ ತಾಗಿದರೆ ಸೀನು, ಅದೂ ಒಂದೇ ಒಂದು. ಜೋಡಿ ಸೀನಾದರೆ ಶುಭವಂತೆ, ಆದರೆ ಅವರ ಮೂಗಿಗೆ ಜೋಡಿ ಗೊತ್ತಿಲ್ಲ. ನಿಶ್ಚಿತಾರ್ಥದ ದಿನ ತಾವೇ ಸೀನಿ, ಅಪಶಕುನವೆಂದು ತಾವೇ ಶಾಸ್ತ್ರ ನಿಲ್ಲಿಸಿ ಬೇರೆ ದಿನಕ್ಕೆ ಹಾಕಿಸಿದ್ದರು. "ಮುಹೂರ್ತದಲ್ಲೂ ಹೀಗಾದ್ರೆ ಈ ಸಂಬಂಧವೇ ಬೇಡ" ಎಂದಿದ್ದರು. ಅಂದು ನಮ್ಮ ಮಗಳು ವಾರಿಜ ಅತ್ತದ್ದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

"ಇದು ಸದ್ದಿನ ಅಲೆಗಳನ್ನ ನುಂಗುತ್ತೆ ಕಣೆ. ವಿದ್ಯುತ್ ಚಾರ್ಜು ಕಮ್ಮಿಯಿದ್ರೆ ಬಾಯಿ ಅಗಲ, ಜಾಸ್ತಿಯಾದ್ರೆ ಸಣ್ಣ. ಬಾಯಿಗೆ ಸಿಗದ ಅಲೆ ಸುತ್ತ ಚೆದುರಿಹೋಗುತ್ತೆ. ಸೀನು ಮಾತ್ರ ಹಿಡಿಸೋ ಹಾಗೆ ಇಟ್ಟಿದ್ದೀನಿ!"

"ನುಂಗಿದ ಸದ್ದು ಎಲ್ಲಿಗೆ ಹೋಗುತ್ತೆ ರೀ?" ನನಗೂ ಕುತೂಹಲ.

"ನೋಡಿ ಬಂದೋರಿಲ್ಲ!"

ಅಷ್ಟರಲ್ಲಿ ಡಬ್ಬಿ ಕುಕ್ಕರಿನ ಸೀಟಿಗಳನ್ನೆಲ್ಲ ನುಂಗಿತ್ತು. ಬೇಳೆ ಸೀದ ಮೇಲೆ ನಮಗೆ ಗೊತ್ತಾಯಿತು. "ಚಾರ್ಜು ಸ್ವಲ್ಪ ಏರಿಸಬೇಕು" ಎಂದು ಇವರು ಡಬ್ಬಿಯನ್ನು ರೇಷ್ಮೆ ಶಲ್ಯದಿಂದ ಉಜ್ಜಿದರು.

ಮದುವೆಯ ದಿನ ಅದನ್ನು ಮಂಟಪದಲ್ಲಿ, ಅಲಮೇಲಮ್ಮನ ಕಾಲ ಬಳಿ ಹೂವಿನಡಿ ಬಚ್ಚಿಟ್ಟರು. ಎಲ್ಲ ಯೋಚಿಸಿದ್ದ ಮನುಷ್ಯ ಧಾರೆಯನ್ನೇ ಮರೆತಿದ್ದರು! ನಾನು ಕಲಶದಿಂದ ಎರೆದ ನೀರು ಇವರ ಕೈಯಿಂದ, ಮಗಳ ಕೈಯಿಂದ ಜಾರಿ, ತಟ್ಟೆ ತುಂಬಿ, ನೇರ ಡಬ್ಬಿಯ ಮೇಲೆ ಹರಿಯಿತು. ಚಾರ್ಜೆಲ್ಲ ನೆಲಕ್ಕಿಳಿದು ಕುಳಿಯ ಬಾಯಿ ಅಗಲವಾಯಿತು.

ಪುರೋಹಿತರು ಗಟ್ಟಿಮೇಳಕ್ಕೆ ಕೂಗಿದರು, ಸದ್ದಿಲ್ಲ. ನಾದಸ್ವರದವರ ಕೆನ್ನೆ ಉಬ್ಬಿತು, ಡೋಲಿನವರ ಕೈ ಕುಣಿಯಿತು, ಸದ್ದಿಲ್ಲ! ಮೇಳವಿಲ್ಲದೆ ತಾಳಿ ಕಟ್ಟಬೇಡವೆಂದು ಅಲಮೇಲಮ್ಮ ಎರಡೂ ಕೈ ಆಡಿಸಿದರು. ಮುಹೂರ್ತ ಮೀರುತ್ತಿತ್ತು. ವಾರಿಜಳ ಕಣ್ಣು ತುಂಬಿತು. ನಾನು ಇವರನ್ನು ಬಾಯಿಗೆ ಬಂದಂತೆ ಬೈದೆ. ಮದುವೆಯಾದಾಗಿನಿಂದ ಮೊದಲ ಸಲ ನನ್ನ ಬೈಗುಳ ಇವರಿಗೆ ಕೇಳಲಿಲ್ಲ!

ಇವರ ಶಲ್ಯ ಧಾರೆಯಲ್ಲಿ ತೊಯ್ದಿತ್ತು. ನಾನೇ ಡಬ್ಬಿಯನ್ನು ಎತ್ತಿ ಒರೆಸಿ, ನನ್ನ ರೇಷ್ಮೆ ಸೆರಗಿನಿಂದ ಸಿಟ್ಟೆಲ್ಲ ಸೇರಿಸಿ ಗಸಗಸ ಉಜ್ಜಿದೆ. ಕೈ ಜುಮ್ಮೆಂದಿತು! ಚಾರ್ಜು ಮಿತಿಮೀರಿ ಕುಳಿಯ ಬಾಯಿ ಸೂಜಿಮೊನೆಯಷ್ಟಾಯಿತು. ಸದ್ದೆಲ್ಲ ಚೆದುರತೊಡಗಿತು. ಮಂತ್ರ ಅಡುಗೆಮನೆಯಿಂದ ಕೇಳಿಸಿತು, ಡೋಲು ಚಪ್ಪಲಿ ರಾಶಿಯಿಂದ!

ಅದೇ ಗಳಿಗೆಗೆ ಹೋಮದ ಹೊಗೆ ತಾಗಿ ಅಲಮೇಲಮ್ಮ ಮೂಗು ಮೇಲೆತ್ತಿದರು.

"ಆಕ್ಷೀ!" ಎಡಗಡೆಯ ಕಂಬದಿಂದ.

"ಆಕ್ಷೀ!" ಬಲಗಡೆಯ ಕಂಬದಿಂದ.

ಒಂದೇ ಸೀನು ಡಬ್ಬಿಯನ್ನು ಎರಡೂ ಬದಿಯಿಂದ ಬಳಸಿ ಬಂದು ಎರಡಾಗಿತ್ತು! ಅಲಮೇಲಮ್ಮ ತಮ್ಮ ಮೂಗನ್ನು ತಾವೇ ಮುಟ್ಟಿ ನೋಡಿಕೊಂಡರು.

"ಜೋಡಿ ಸೀನು! ಶುಭ ಕಣೋ, ಕಟ್ಟೋ ತಾಳಿ!" ಎಂಬ ಅವರ ದನಿ ಊಟದ ಮನೆಯಿಂದ ಬಂತು. ವಾರಿಜ ನಕ್ಕಳು. ನನಗೆ ಅಳು ಬಂತು.

ನುಂಗಿದ ಮೇಳ ಎಲ್ಲಿಗೆ ಹೋಯಿತೆಂದು ಇವರಿಗೆ ಇನ್ನೂ ತಿಳಿದಿಲ್ಲ. ದಿನವೂ ಡಬ್ಬಿಗೆ ಕಿವಿಗೊಟ್ಟು ಕೂರುತ್ತಾರೆ. ನಾನು ಬೈಯಲು ಬಾಯಿ ತೆರೆದರೆ ಮಾತ್ರ, ಪಕ್ಕದ ಚೊಂಬಿನಿಂದ ಅದರ ಮೇಲೆ ಒಂದಿಷ್ಟು ನೀರು ಚಿಮುಕಿಸುತ್ತಾರೆ.