ಹನ್ನೊಂದು ಹೆಬ್ಬೆರಳು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಬೆತ್ತದ ಕುರ್ಚಿ. ಹನ್ನೆರಡು ಮನೆಗಳ ಆ ಕಟ್ಟಡದಲ್ಲಿ, ನೆಲಮಹಡಿಯ ನಿವೃತ್ತ ಪ್ರೂಫ್ ರೀಡರ್ ಅದನ್ನು ಮೆಟ್ಟಿಲ ಪಕ್ಕ ಹಾಕಿಕೊಂಡು ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ತಪ್ಪು ಹುಡುಕುತ್ತಿದ್ದರು. ಮನೆಯೊಳಗೆ ಅಷ್ಟು ಬೆಳಕಿಲ್ಲ. ಅಷ್ಟು ನೆಮ್ಮದಿಯೂ ಇಲ್ಲ.

ಆ ದಿನ ಕಟ್ಟಡದ ಕಾರ್ಯದರ್ಶಿ, ಮೂರನೇ ಮಹಡಿಯ ದಂತವೈದ್ಯೆ, ಹೊಸ ನಿಯಮಗಳ ಕರಡನ್ನು ಎಲ್ಲರ ಫೋನಿಗೂ ಕಳಿಸಿದರು. ಆನ್‌ಲೈನ್ ಫೈಲು, ಸಂಜೆ ಆರರವರೆಗೆ ಯಾರು ಬೇಕಾದರೂ ತಿದ್ದಬಹುದು. ಏಳನೇ ನಿಯಮ: ‘ಮೆಟ್ಟಿಲ ಬಳಿ ಯಾವ ವಸ್ತುವನ್ನೂ ಇಡಬಾರದು.’

“ಯಾವ ವಸ್ತುವನ್ನೂ ಅಂದ್ರೆ ನನ್ನ ಕುರ್ಚೀನೇ!” ಎಂದು ಪ್ರೂಫ್ ರೀಡರ್ ಕಂಪ್ಯೂಟರಿನ ಮುಂದೆ ಕೂತು ಆ ಸಾಲನ್ನೇ ಅಳಿಸಿಬಿಟ್ಟರು.

ಎರಡೇ ನಿಮಿಷಕ್ಕೆ ದಂತವೈದ್ಯೆಯ ಫೋನು. “ಅಂಕಲ್, ಸಾಲು ಯಾಕೆ ಅಳಿಸಿದ್ರಿ?”

“ನಾನಾ? ಯಾರಮ್ಮ ಹೇಳಿದ್ದು?”

“ಫೈಲೇ ಹೇಳ್ತಿದೆ. ನಿಮ್ಮ ಹೆಸರು, ಹತ್ತು ಹನ್ನೆರಡಕ್ಕೆ. ಏನು ಬೇಕೋ ಕೆಳಗೆ ಬರೀರಿ. ಒಪ್ಪಿದವರು ಪಕ್ಕದ ಹೆಬ್ಬೆರಳಿನ ಚಿತ್ರ ಒತ್ತುತ್ತಾರೆ. ಏಳು ಬಂದ್ರೆ ಪಾಸ್.”

ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದ ಬೆಕ್ಕಿನ ಬೆನ್ನನ್ನು ಯಾರೋ ತಟ್ಟಿದಂತಾಯಿತು. ಅಳಿಸಿದ ಸಾಲನ್ನು ವೈದ್ಯೆ ಮರಳಿ ತಂದರು. ಇವರು ಅದರ ಕೆಳಗೆ ಬರೆದರು: ‘ಒಂದು ಕುರ್ಚಿಗೆ ವಿನಾಯಿತಿ ಇರಲಿ.’

ಹೆಬ್ಬೆರಳು ಒಂದೂ ಬರಲಿಲ್ಲ. ಮೊದಲ ಮಹಡಿಯ ಟೈಲರಮ್ಮ ಬರೆದಳು: “ಹಾಗಾದ್ರೆ ನನ್ನ ಹೊಲಿಗೆ ಮಿಷನ್ ಏನು ಪಾಪ ಮಾಡಿದೆ ಅಣ್ಣ?” ಎರಡನೇ ಮಹಡಿಯ ಬಸ್ ಡ್ರೈವರ್ ಕೇಳಿದ: “ನನ್ನ ಸೈಕಲ್ಲು?”

ಪ್ರೂಫ್ ರೀಡರ್ ಉತ್ತರ ಕೊಡುವುದು ಬಿಟ್ಟು ಅವರ ಕಾಗುಣಿತ ತಿದ್ದತೊಡಗಿದರು. ಮೂವತ್ತೈದು ವರ್ಷದ ಚಟ.

“ಸಾರ್, ಬೈಯೋದ್ರಲ್ಲೂ ತಪ್ಪು ಹುಡುಕ್ತೀರಲ್ಲ!” ಎಂದು ಡ್ರೈವರ್ ಬರೆದ. ಅದನ್ನೂ ತಿದ್ದಿದರು.

“ಜಗಳ ಆಡೋ ಬದಲು, ಅವರಿಗೇನು ಉಪಯೋಗ ಅಂತ ಬರೀಬಾರದಾ?” ಎಂದರು ಹೆಂಡತಿ.

“ಇದೆಲ್ಲ ನಿನಗೆ ತಿಳಿಯಲ್ಲ, ಸುಮ್ನಿರೆ.”

ಫೋನು ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಲೇ ಇತ್ತು. ಊಟವಾದ ಮೇಲೆ ಅದರ ಬಾಯಿ ಮುಚ್ಚಿಸಿ ಮಲಗಿಬಿಟ್ಟರು.

ಐದೂವರೆಗೆ ಎದ್ದು ನೋಡಿದರೆ ಹನ್ನೊಂದು ಹೆಬ್ಬೆರಳು! ಸಾಲನ್ನು ಮತ್ತೆ ಓದುವ ಗೊಡವೆಗೆ ಹೋಗಲಿಲ್ಲ. ಬರೆದವರು ತಾವೇ ತಾನೆ. “ನೋಡಿದ್ಯೇನೇ? ಇಡೀ ಬಿಲ್ಡಿಂಗೇ ದಾರಿಗೆ ಬಂತು!”

ಆರಕ್ಕೆ ಫೈಲು ಮುಚ್ಚಿತು. ಪ್ರೂಫ್ ರೀಡರ್ ಪಟ್ಟಕ್ಕೇರಿದ ಅರಸನಂತೆ ಕುರ್ಚಿಯಲ್ಲಿ ಕೂತರು.

“ಎಂಥಾ ದೊಡ್ಡ ಮನಸ್ಸು ಸಾರ್ ನಿಮ್ದು!” ಎಂದ ಡ್ರೈವರ್, ಕೈ ಮುಗಿದು.

“ಬಿಲ್ಡಿಂಗಿಗೊಬ್ಬರು ನಿಮ್ಮಂಥವರಿರಬೇಕು ಅಣ್ಣ,” ಎನ್ನುತ್ತ ಟೈಲರಮ್ಮ ಅವರ ಮಡಿಲಿಗೆ ಬೀಗದ ಕೈಗೊಂಚಲು ಹಾಕಿದಳು. “ನಾಳೆ ಹತ್ತಕ್ಕೆ ನಲ್ಲಿ ರಿಪೇರಿಯವನು ಬರ್ತಾನೆ. ಪಕ್ಕದಲ್ಲೇ ನಿಂತು ಮಾಡಿಸಿ, ಆಯ್ತಾ?”

“ನಾನ್ಯಾಕಮ್ಮ?”

“ನೀವೇ ಬರೆದಿದ್ದೀರಲ್ಲ!”

ಅವರು ಫೋನು ತೆಗೆದರು. ‘ಒಂದು ಕುರ್ಚಿಗೆ ವಿನಾಯಿತಿ ಇರಲಿ. ಅದರಲ್ಲಿ ಕೂರುವ ನಾನು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಎಲ್ಲ ಮನೆಗಳ ಪಾರ್ಸೆಲ್, ಬೀಗದ ಕೈ, ರಿಪೇರಿ ನೋಡಿಕೊಳ್ಳುತ್ತೇನೆ.’ ಪಕ್ಕದಲ್ಲಿ ಅವರದೇ ಹೆಸರು, ಮೂರು ನಲವತ್ತಕ್ಕೆ.

“ಮೂರು ನಲವತ್ತಕ್ಕೆ ನಾನು ಗೊರಕೆ ಹೊಡೀತಿದ್ದೆ!”

“ಹೌದು, ಅದಕ್ಕೇ ನಾನು ಬರೆದೆ,” ಹೆಂಡತಿ ಬಾಗಿಲಿಗೆ ಬಂದು ಹೇಳಿದರು. “ಕಂಪ್ಯೂಟರ್ ತೆರೆದೇ ಇತ್ತು, ನಿಮ್ಮ ಹೆಸರಲ್ಲೇ ಹೋಯ್ತು. ನಿಮಗೆ ಕುರ್ಚಿ ಸಿಕ್ತು, ನನಗೆ ಹಗಲಿಡೀ ಮನೆ ಸಿಕ್ತು.”