ಮಾಮಾ ಕಾಟು ಹಾಕದ ಚಕ್ರ

ಪೆಟ್ಟು ತಿಂದವರು ನಮ್ಮ ಮಾಮಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಗು ಬರುವ ಸಂಗತಿಗಳು ಬಹಳ ಇವೆ. ಆ ನಗುವಿನ ಗದ್ದಲದಲ್ಲಿ ತಪ್ಪಿತಸ್ಥರು ಹಿಂಬಾಗಿಲಿನಿಂದ ಜಾರಿಕೊಳ್ಳುವುದು ನನಗೆ ಇಷ್ಟವಿಲ್ಲ.

ಪುಣೆಯ ಧನಕವಡಿಯಲ್ಲಿ, ನಮ್ಮ ಬೀದಿಯ ತಿರುವಿನಲ್ಲಿ ಕೊಳವೆ ಹಾಕಲೆಂದು ರಸ್ತೆಯನ್ನು ಅಡ್ಡಕ್ಕೆ ಅಗೆದವರಿಗೆ ಏನೂ ಆಗಲಿಲ್ಲ. ಅಗೆದ ಕಾಲುವೆಯೊಳಗೆ ನಾಲ್ಕು ಬುಟ್ಟಿ ಸಡಿಲ ಮಣ್ಣು ಸುರಿದು, ಕಾಗದದ ಮೇಲೆ ‘ಮುಚ್ಚಲಾಗಿದೆ’ ಎಂದು ಬರೆದುಕೊಂಡವರಿಗೂ ಏನೂ ಆಗಲಿಲ್ಲ. ಎಚ್ಚರಿಕೆಗೆಂದು ಒಂದು ಕೆಂಪು ಚಿಂದಿಯನ್ನೂ ಕಟ್ಟದೆ ಹೋದವರಂತೂ ಎಲ್ಲಿದ್ದಾರೋ, ಸುಖವಾಗಿದ್ದಾರೆ! ಆದದ್ದೆಲ್ಲ ಅರವತ್ತೆರಡು ವರ್ಷದ ಒಬ್ಬ ಹೆಂಗಸಿಗೆ. ಭಾನುವಾರದ ಬೆಳಿಗ್ಗೆ, ನಿಗಡಿಯಲ್ಲಿರುವ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸಲು ತಾವೇ ಕಾರು ನಡೆಸಿಕೊಂಡು ಹೊರಟಿದ್ದರು. ಮುಂದಿನ ಎಡಚಕ್ರ ಆ ಮಣ್ಣಿನಲ್ಲಿ ಧಡ್ಡನೆ ಇಳಿಯಿತು. ಸ್ಟಿಯರಿಂಗ್ ತಿರುಚಿಕೊಂಡು ಮಾಮಿಯ ಹೆಬ್ಬೆರಳು ಉಳುಕಿತು. ಅಲಾಯ್ ಚಕ್ರದ ಅಂಚು ಬಗ್ಗಿತು. ಬೆರಳು ಒಂದು ವಾರದಲ್ಲಿ ಸರಿಹೋಯಿತು. ಚಕ್ರದ ವಿಚಾರ ಹಾಗಾಗಲಿಲ್ಲ. ಏಕೆಂದರೆ ಅದು ನಮ್ಮ ಮಾಮಾನ ಕೈಗೆ ಬಂತು.

ನನ್ನ ತಾಯಿಯ ಅಣ್ಣನಾದ ಈ ಮಹಾನುಭಾವರು ಕಣ್ಣಿನಿಂದ ನೋಡಿದ ಯಾವುದನ್ನೂ ನಂಬುವುದಿಲ್ಲ! ಧಾರವಾಡದಿಂದ ಪುಣೆಗೆ ಬಂದು, ಎರಕದ ಕಾರ್ಖಾನೆಯೊಂದರಲ್ಲಿ ಇಡೀ ನೌಕರಿಯನ್ನು ಲೋಹದ ಬಿಡಿಭಾಗಗಳನ್ನು ಸ್ಪ್ಯಾನರಿನಿಂದ ಬಡಿದು, ಕಿವಿಗೊಟ್ಟು ಕೇಳುವುದರಲ್ಲೇ ಕಳೆದವರು. ಠಣ್ ಎಂದರೆ ಸೀಮೆಸುಣ್ಣದಲ್ಲಿ ಸರಿ ಗುರುತು. ಥಡ್ ಎಂದರೆ ಒಳಗೆ ಬಿರುಕಿದೆ ಎಂದರ್ಥ. ಕಾಟು ಗುರುತು, ಪಕ್ಕದಲ್ಲಿ ಸಹಿ. ಮಾಮಾ ನಿವೃತ್ತರಾದರು, ಸ್ಪ್ಯಾನರು ಆಗಲಿಲ್ಲ. ತೆಂಗಿನಕಾಯಿಯನ್ನು ಯಾರು ತಾನೇ ಬಡಿದು ನೋಡುವುದಿಲ್ಲ? ಆದರೆ ನೀರಿನ ಹೂಜಿ, ನೆಂಟರ ಮನೆಯ ಹಿತ್ತಾಳೆಯ ದೀಪದ ಸಮೆ, ಗುಡಿಯ ಗಂಟೆ? ಒಮ್ಮೆ ಪುಣೆ ಕ್ಯಾಂಪಿನ ಹಳೆಯ ಹೋಟೆಲಿನಲ್ಲಿ ಕಾಫಿಯ ಕಪ್ಪನ್ನೇ ಬಡಿಯತೊಡಗಿದಾಗ, ಕರಾವಳಿಯ ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದರು.

“ಎಂತ ಮಾರಾಯ್ರೆ ಇದು? ನಾವಿಲ್ಲಿ ಕಾಫಿ ಮಾರುದು, ಜಲತರಂಗದ ಕಚೇರಿ ನಡೆಸುದಲ್ಲ!”

“ಈ ಕಪ್ಪು ಹೋಗೇದರಿ,” ಎಂದರು ಮಾಮಾ ಶಾಂತವಾಗಿ.

“ಎಲ್ಲಿಗೆ ಹೋಗಿದೆ? ನಿಮ್ಮ ಕೈಯಲ್ಲೇ ಉಂಟಲ್ಲ!”

ಮರುಕ್ಷಣದಲ್ಲಿ ಕಪ್ಪಿನ ಹಿಡಿ ಮಾತ್ರ ಮಾಮಾನ ಕೈಯಲ್ಲಿ ಉಳಿಯಿತು. ಉಳಿದದ್ದು ಮಾಲೀಕರ ಬಿಳಿಯ ಪಂಚೆಯ ಮೇಲೆ.

ಇಂಥವರನ್ನು ಕರೆದುಕೊಂಡು ನಾವು ಕಾರಿನ ಶೋರೂಮಿಗೆ ಹೋದೆವು. ಇಸ್ತ್ರಿ ಮಾಡಿದ ಅಂಗಿಯ ಸಲಹೆಗಾರನೊಬ್ಬ ಬಂದು ಚಕ್ರದ ಮುಂದೆ ಕುಳಿತ. ಬಗ್ಗಿದ ಅಂಚನ್ನು ಅವನು ನೋಡಲೇ ಇಲ್ಲ. ಅದೇ ಚಕ್ರದ ಮೇಲೆ ಹಳೆಯದೊಂದು ಉದ್ದನೆಯ, ಆಳವಾದ ಗೀರಿತ್ತು. ಅದರ ಮೇಲೆ ಬೆರಳಾಡಿಸಿ ಕೇಳಿದ: “ಗಾಡಿ ಮ್ಯಾಡಮ್ ಚಾಲವತಾತ್ ಕಾ?” ಗಾಡಿ ಮೇಡಂ ಓಡಿಸುತ್ತಾರೇನು? ಮಾಮಿ ಹೌದೆಂದರು. “ದಿಸತಂಯ್,” ಎಂದ. ಕಾಣುತ್ತಿದೆ! ಅಷ್ಟು ಹೇಳಿ ನಕ್ಕ. ಬಳಿಕ ಮಾಮಾನತ್ತ ತಿರುಗಿ, ನಾಲ್ಕೂ ಚಕ್ರ ಬದಲಿಸಿ, ಒಂದನ್ನೇ ಬದಲಿಸಿದರೆ ಶೋಭಿಸುವುದಿಲ್ಲ ಎಂದ. ಕಾರು ನಡೆಸುವವರು ಒಬ್ಬರು, ಅವನು ಮಾತನಾಡುವುದು ಇನ್ನೊಬ್ಬರೊಡನೆ! ರಸ್ತೆಯ ತಪ್ಪನ್ನು ಹೆಂಗಸಿನ ಕೈಗೆ ಅಂಟಿಸುವ ಈ ವಿದ್ಯೆಯನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ‘ಠಣ್’ ಎಂದಿತು. ಪ್ರದರ್ಶನಕ್ಕಿಟ್ಟಿದ್ದ ಹೊಚ್ಚಹೊಸ ಕಾರಿನ ಚಕ್ರವನ್ನು ಮಾಮಾ ಬಡಿಯುತ್ತಿದ್ದರು. ಕಾವಲುಗಾರ ಓಡಿ ಬಂದ. “ಗಾಬರಿ ಆಗಬ್ಯಾಡ. ಇದು ಚಲೋ ಅದ, ಮಾರಬಹುದು,” ಎಂದು ಅವನಿಗೆ ಅಚ್ಚ ಧಾರವಾಡದ ಕನ್ನಡದಲ್ಲಿ ಅಪ್ಪಣೆ ಕೊಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು. ಏಕೆಂದರೆ ಆ ನಗುವಿನ ನಡುವೆ ಮಾಮಿ ಕಾರಿನ ಕೀಲಿಯನ್ನು ಮಾಮಾನ ಅಂಗಿಯ ಜೇಬಿನಲ್ಲಿ ಇಳಿಬಿಟ್ಟರು. ಮನೆಗೆ ಬರುವಾಗ ಹಿಂದಿನ ಸೀಟಿನಲ್ಲಿ ಕುಳಿತರು. ಐವತ್ತೆಂಟನೆಯ ವಯಸ್ಸಿನಲ್ಲಿ, ಇಡೀ ಬೀದಿ ನೋಡಿ ನಗುತ್ತಿದ್ದಾಗ ಹಲ್ಲುಕಚ್ಚಿ ಕಾರು ಕಲಿತ ಹೆಂಗಸು!

ಎರಡನೆಯ ಅಭಿಪ್ರಾಯಕ್ಕೆ ಚಕ್ರ ರಿಪೇರಿಯ ಅಂಗಡಿಗೆ ಹೋದೆವು. ಅಲ್ಲಿಯವನು ಪರಮ ದಯಾಳು. ಏನನ್ನೂ ಬದಲಿಸಬೇಕಿಲ್ಲ; ಬಗ್ಗಿದ್ದನ್ನು ಬಡಿದು, ಬಿಟ್ಟದ್ದನ್ನು ಬೆಸೆದು, ಗೀರನ್ನು ಉಜ್ಜಿ, ಮೇಲೆ ಬಣ್ಣ ಕೂರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ. ಮಾಮಾ ಕೇಳಿದರು: “ಯಾರಿಗೂ ಗೊತ್ತಾಗೂದಿಲ್ಲ, ಖರೆ. ಚಕ್ರಕ್ಕ?” ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ. “ಕಾಕಾ, ಚಾಕ ಬೋಲತ್ ನಾಹೀ,” ಎಂದು ಅವನು ಸಮಾಧಾನ ಹೇಳಿದ. ಚಕ್ರ ಮಾತನಾಡುವುದಿಲ್ಲವಂತೆ! ಇಡೀ ಬದುಕನ್ನು ಲೋಹದ ಮಾತು ಕೇಳುತ್ತ ಕಳೆದವರಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೇ? ಕಾರನ್ನು ಮನೆಗೆ ತಂದ ಮಾಮಾ ನಾಲ್ಕೂ ಚಕ್ರಗಳನ್ನು ಕಳಚಿ, ರಿಕ್ಷಾದಲ್ಲಿ ಹೇರಿಕೊಂಡು ಹೋಗಿ ಟಯರು ಬಿಚ್ಚಿಸಿಕೊಂಡು ಬಂದರು. ಕಾರು ಕೆಳಗೆ ಇಟ್ಟಿಗೆಗಳ ಮೇಲೆ, ಕಾಲು ಕಳೆದುಕೊಂಡ ಆಮೆಯ ಹಾಗೆ ಕುಳಿತಿತು.

ಲೋಹ ಮಾತನಾಡಬೇಕಾದರೆ ಅದು ನೆಲ ಮುಟ್ಟಬಾರದಂತೆ. ಆದ್ದರಿಂದ ನಡುಮನೆಯ ಜೋಕಾಲಿ ಇಳಿಯಿತು. ಅದರ ಕೊಂಡಿಗೆ ಹಗ್ಗ ಕಟ್ಟಿ ಒಂದೊಂದೇ ಚಕ್ರವನ್ನು ತೂಗುಹಾಕಲಾಯಿತು. ಮೊದಲನೆಯದು ಠಣ್. ಎರಡನೆಯದು ಠಣ್. ಮೂರನೆಯದು ಎಷ್ಟು ಚೆನ್ನಾಗಿ ಮೊಳಗಿತೆಂದರೆ, ಕೆಳಗಿನ ಮನೆಯ ಆಜಿ ಕೈಕಾಲು ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತರು. “ಆರತೀ ಸುರೂ ಝಾಲೀ ಕಾ?” ಆರತಿ ಶುರುವಾಯಿತೇ ಎಂದು ಕೇಳುತ್ತ ಒಳಗಿಣುಕಿ, ತೂಗುತ್ತಿದ್ದ ಚಕ್ರವನ್ನು ಕಂಡು, ಯಾವುದಕ್ಕೂ ಇರಲಿ ಎಂದು ಕೈ ಮುಗಿದರು!

ನಾಲ್ಕನೆಯದು, ಅಂದರೆ ಪೆಟ್ಟು ತಿಂದದ್ದು, ಥಡ್ ಎಂದಿತು. ಮಾಮಾನ ಮುಖ ಇಳಿಯಿತು. ನಾನು ಪಾಠ ಹೇಳುವ ಶಾಲೆಯಿಂದ ಸೀಮೆಸುಣ್ಣ ತರಿಸಿ, ಪುಡಿ ಮಾಡಿ ನೀರಿನಲ್ಲಿ ಕಲಸಿ ಒಳಮೈಗೆ ಬಳಿದರು. ಅದು ಒಣಗಿದ ಮೇಲೆ ಹೊರಮೈಗೆ ಡೀಸೆಲ್ ಸವರಿದರು. ಚಹಾ ಕುಡಿದು ಬರುವಷ್ಟರಲ್ಲಿ ಡೀಸೆಲ್ ಒಳಕ್ಕೆ ಒಸರಿ, ಬಿಳಿಯ ಸುಣ್ಣದ ಮೇಲೆ ಕೂದಲಿನಷ್ಟು ತೆಳ್ಳಗಿನ ಕಪ್ಪುಗೆರೆಯೊಂದು ಮೂಡಿತ್ತು.

“ನೋಡಿದ್ಯಾ? ಬಗ್ಗಿದ್ದನ್ನ ನೆಟ್ಟಗ ಮಾಡಬಹುದು. ಗೀರು ಇದ್ರೂ ನಡೀತದ. ಬಿರುಕಿಗೆ ಬಣ್ಣಾ ಹಚ್ಚಬಾರದು. ಚಕ್ರ ಮಾತಾಡೂದಿಲ್ಲಂತ! ಹೈವೇದಾಗ ಒಂದಿನ ಮಾತಾಡ್ತದ, ಅವಾಗ ಕೇಳಾಕ ನಾವ ಇರೂದಿಲ್ಲ.”

ಅಲ್ಲಿಗೆ ತೀರ್ಮಾನವಾದಂತಾಯಿತಲ್ಲವೇ? ಮೂರು ಹಾಗೆಯೇ ಇರಲಿ, ಒಂದನ್ನು ಬದಲಿಸಿ. ಆದರೆ ಸೀಮೆಸುಣ್ಣ ಹಿಡಿದ ಮಾಮಾನ ಕೈ ಮೇಲೇಳಲಿಲ್ಲ. ಒಂದು ಭಾನುವಾರ ಹೋಯಿತು. ಇನ್ನೊಂದೂ ಹೋಯಿತು. ನಡುಮನೆಯಲ್ಲಿ ಚಕ್ರ ತೂಗುತ್ತಲೇ ಇತ್ತು. ನಿಗಡಿಯಿಂದ ಮಕ್ಕಳ ತಾಯಂದಿರು ಫೋನು ಮಾಡುತ್ತಿದ್ದರು. ಒತ್ತಕ್ಷರದವರೆಗೆ ಬಂದ ಮಕ್ಕಳು ಅಲ್ಲೇ ನಿಂತಿದ್ದರು. ತಾವೇ ಕರೆದೊಯ್ಯುವುದಾಗಿ ಮಾಮಾ ಹೇಳಿದರೆ, “ನಾ ಹೋಗ್ತಿದ್ದೆರಿ. ನನ್ನ ಯಾರೂ ಒಯ್ಯೂದು ಬ್ಯಾಡ,” ಎನ್ನುತ್ತಿದ್ದರು ಮಾಮಿ.

ಈ ನಡುವೆ ನಾನು ಕೈಕಟ್ಟಿ ಕುಳಿತಿರಲಿಲ್ಲ. ಅರ್ಜಿ ಬರೆದೆ. ರಸ್ತೆಯವರು, ಅಗೆದದ್ದು ನೀರಿನವರು ಎಂದರು. ನೀರಿನವರು, ಮುಚ್ಚುವುದು ರಸ್ತೆಯವರು ಎಂದರು. ಇಬ್ಬರೂ ಸೇರಿ ಗುತ್ತಿಗೆದಾರನ ಹೆಸರು ಹೇಳಿದರು. ಅವನ ಕೆಲಸ ಕಾಗದದ ಪ್ರಕಾರ ಮುಗಿದಿತ್ತು. ಹೆತ್ತವರಿಲ್ಲದ ಗುಂಡಿ, ಆದರೂ ಎಷ್ಟು ಚೆನ್ನಾಗಿ ಬೆಳೆಯುತ್ತಿತ್ತು! ಆ ಸಿಟ್ಟನ್ನೆಲ್ಲ ಮಾಮಾನ ಮೇಲೆ ಕಾರಿದೆ: “ಬಿರುಕು ಸಿಕ್ಕದ. ಇನ್ನೂ ಯಾಕ ಕಾಟು ಹಾಕವಲ್ರಿ?”

“ಅರ್ಜಿಬಾಯಿ, ನೀ ಸುಮ್ನ ಕೂಡು,” ಎಂದರು. ಕಣ್ಣು ಮಾತ್ರ ಆ ಉದ್ದನೆಯ ಗೀರಿನ ಮೇಲಿತ್ತು.

ಮೂರನೆಯ ಭಾನುವಾರ ಮಾಮಿ ಅವಲಕ್ಕಿಯ ತಾಟು ತಂದಿಟ್ಟು ಹೇಳಿದರು: “ಅದಕ್ಕ ಬಣ್ಣಾ ಹಚ್ಚಿಸಿ ಕಾರು ಮಾರಿಬಿಡ್ರಿ. ಆ ಹುಡುಗಾ ಹೇಳಿದ್ದು ಖರೇನ ಅದ. ಅಷ್ಟುದ್ದ ಗೀರು ಎಲ್ಲೆ ಬಿತ್ತಂತ ಸುದ್ದಾ ನನಗ ಗೊತ್ತಾಗಿರಲಿಲ್ಲ. ನನ್ನ ಕೈಯಾಗ ಗಾಡಿ ಇರಬಾರದು.”

ಮಾಮಾ ತಾಟನ್ನು ಕೆಳಗಿಟ್ಟರು.

“ಅದು ನಿಂದಲ್ಲ,” ಎಂದರು. “ನೀ ಧಾರವಾಡಕ್ಕ ಹೋಗಿದ್ದೆಲ್ಲಾ, ಅವಾಗ ನಾ ಕಾರು ತಗೊಂಡು ಕ್ಯಾಂಪಿಗೆ ಹೋಗಿದ್ದೆ. ಫುಟ್‌ಪಾತಿಗೆ ತಿಕ್ಕಿದ್ದು ನಾನು. ನೀ ಬಂದಾಕಿ ನೋಡಿ, ‘ನನ್ನ ಕೈಯಿಂದನ ಆಗೇದರಿ, ತಪ್ಪಾತು’ ಅಂದಿ. ನಾ… ಇರಲಿ ಬಿಡು ಅಂದೆ.”

ಆಗ ನನಗೆ ಅರ್ಥವಾಯಿತು. ರಿಪೇರಿ ಮಾಡಿಸಿದರೆ ಆ ಗೀರು ಉಜ್ಜಿಹೋಗುತ್ತಿತ್ತು. ಬದಲಿಸಿದರೆ ಚಕ್ರದೊಡನೆ ಗುಜರಿಗೆ ಹೋಗುತ್ತಿತ್ತು. ಎರಡರಲ್ಲಿ ಯಾವುದಾದರೂ ಅದು ಮಾಮಿಯ ಹೆಸರಿನಲ್ಲೇ ಹೋಗುತ್ತಿತ್ತು. ಕಂಡವರ ಬಿರುಕುಗಳನ್ನೆಲ್ಲ ಬಡಿದು ಹೇಳಿದ ಮನುಷ್ಯ, ಶೋರೂಮಿನಲ್ಲಿ ಹೆಂಡತಿಯ ಪರವಾಗಿ ಒಂದು ಮಾತು ಆಡಬೇಕಾದಾಗ ಪಕ್ಕದ ಕಾರಿನ ಚಕ್ರ ಬಡಿಯುತ್ತ ನಿಂತಿದ್ದರು! ತಪ್ಪುಗಳನ್ನು ಹೆಸರಿಸಲು ಹೊರಟವಳು ನಾನು. ಇದನ್ನು ಬಿಟ್ಟರೆ ಆ ಕಾಲುವೆ ಮುಚ್ಚಿದವರಿಗೂ ನನಗೂ ಏನು ವ್ಯತ್ಯಾಸ?

ಮಾಮಿ ಅಳಲಿಲ್ಲ, ಕ್ಷಮಿಸಲೂ ಇಲ್ಲ. “ಇಲ್ಲೆ ನನ್ನ ಮುಂದ ಹೇಳಿದ್ರ ಏನ್ ಉಪಯೋಗರಿ? ಅಲ್ಲೆ ಹೇಳ್ರಿ. ಅವನ ಮುಂದ.”

ಮರುದಿನ ಶೋರೂಮಿನಲ್ಲಿ ಮಾಮಾ ಸಲಹೆಗಾರನ ಮೇಜನ್ನು ಸ್ಪ್ಯಾನರಿನಿಂದ ಬಡಿದರು. ಎಲ್ಲರೂ ತಿರುಗಿ ನೋಡಿದ ಮೇಲೆ, ತಮ್ಮ ಒರಟು ಮರಾಠಿಯಲ್ಲಿ ಹೇಳಿದರು: “ತೋ ಓರಖಡಾ ಮಾಝಾ ಆಹೇ.” ಆ ಗೀರು ನನ್ನದು. ಸಲಹೆಗಾರ, “ಚಾಲೇಲ್, ಕಾಕಾ,” ಎಂದ. ನಡೆಯುತ್ತೆ ಬಿಡಿ! “ನಾಹೀ ಚಾಲಣಾರ್,” ಎಂದರು ಮಾಮಿ. ನಡೆಯುವುದಿಲ್ಲ. “ನೀವು ನಕ್ಕದ್ದು ನನ್ನನ್ನು ನೋಡಿ. ಈಗಲೂ ನನ್ನನ್ನೇ ನೋಡಿ ಮಾತನಾಡಿ,” ಎಂದು ಮರಾಠಿಯಲ್ಲೇ ಮುಂದುವರಿಸಿದರು. ಅವನು ಕೈಯಲ್ಲಿದ್ದ ಟ್ಯಾಬನ್ನು ನೋಡಿದ. ಮಾಮಿ ಒಂದೇ ಒಂದು ಚಕ್ರ ತರಿಸಲು ಹೇಳಿ, ಚೀಟಿಗೆ ತಾವೇ ಸಹಿ ಹಾಕಿದರು.

ಮನೆಗೆ ಬಂದ ಮಾಮಾ ತೂಗುತ್ತಿದ್ದ ಚಕ್ರವನ್ನು ಒಂದು ಕೈಯಿಂದ ಹಿಡಿದು ನಿಲ್ಲಿಸಿ, ಬಿರುಕಿನ ಮೇಲೆ ಕಾಟು ಹಾಕಿದರು. ಕಾರ್ಖಾನೆಯಲ್ಲಿ ಸಹಿ ಕಾಟಿನ ಪಕ್ಕದಲ್ಲಿರುತ್ತಿತ್ತು. ಈ ಸಲ ಅದನ್ನು ಗೀರಿನ ಪಕ್ಕದಲ್ಲಿ, ಪೂರ್ತಿ ಹೆಸರಿನೊಡನೆ, ಮಕ್ಕಳು ಬರೆಯುವಂತೆ ದುಂಡಗೆ ಬರೆದರು. ಮಾಮಿ ಬಹಳ ಹೊತ್ತು ಅದನ್ನೇ ಓದುತ್ತ ನಿಂತರು. ಬಳಿಕ ಕೈ ಚಾಚಿದರು. ಮಾಮಾ ಜೇಬಿನಿಂದ ಕೀಲಿ ತೆಗೆದು, ಸೀಮೆಸುಣ್ಣ ಮೆತ್ತಿದ್ದ ಬೆರಳುಗಳಿಂದಲೇ ಆ ಅಂಗೈಯಲ್ಲಿಟ್ಟರು.

ಹೊಸ ಚಕ್ರ ಬಂದ ವಾರ ಮಾಮಿ ನಿಗಡಿಗೆ ಹೊರಟರು. ತಿರುವಿನಲ್ಲಿ ಕಾರಿನ ಮುಂದೆ ಸ್ಪ್ಯಾನರು ಎತ್ತಿ ಹಿಡಿದು, ಬ್ಯಾಂಡಿನ ಮುಖ್ಯಸ್ಥನಂತೆ ಹಿಮ್ಮುಖವಾಗಿ ನಡೆಯುತ್ತಿದ್ದವರು ಯಾರೆಂದು ಹೇಳಬೇಕೇ? ಕಾರು ದಾಟಿಹೋದ ಮೇಲೆ ಅವರು ಮಂಡಿಯೂರಿ ಕುಳಿತು, ಗುಂಡಿಯ ಅಂಚನ್ನು ಬಡಿದು, ಕಿವಿಗೊಟ್ಟು ಕೇಳಿ, ರಸ್ತೆಯ ಮೇಲೆಯೇ ದೊಡ್ಡದೊಂದು ಕಾಟು ಎಳೆದು ಸಹಿ ಹಾಕಿದರು.

ರಸ್ತೆ ವಿಭಾಗದ ಇಂಜಿನಿಯರರೇ, ನೀರಿನ ವಿಭಾಗದವರೇ, ಕಾಗದದ ಮೇಲೆ ಕೆಲಸ ಮುಗಿಸಿದ ಗುತ್ತಿಗೆದಾರರೇ, ಆ ಕಾಟು ಇನ್ನೂ ಅಲ್ಲಿದೆ. ಮಳೆ ಬಂದು ಅದು ಅಳಿಯಲೆಂದು ಕಾಯಬೇಡಿ. ಬರುವ ಭಾನುವಾರ ಬೆಳಿಗ್ಗೆ ಮಾಮಿಯ ಕಾರು ಹೊರಡುವ ಮೊದಲು ಆ ಸಡಿಲ ಮಣ್ಣನ್ನು ಹೊರತೆಗೆದು, ಜಲ್ಲಿ ತುಂಬಿ ಅದುಮಿ, ಡಾಂಬರು ಹಾಕಿ ರಸ್ತೆಯ ಮಟ್ಟಕ್ಕೆ ಸಮ ಮಾಡಿ. ಅಲ್ಲಿಯವರೆಗೆ ಕೆಂಪು ದೀಪವಿಡಿ. ‘ಮುಚ್ಚಲಾಗಿದೆ’ ಎಂದು ಮಾತ್ರ ನೀವು ಬರೆಯಬೇಡಿ. ಮೊದಲು ಮಾಮಾನನ್ನು ಕರೆಯಿರಿ.

ಅವರು ಬಡಿದು ನೋಡುತ್ತಾರೆ.